ಬೇಟೆಗೆ ಹೊರಟ ಖುಕ್ರಿ, ನೀರಿನಡಿ ಕಾದಿದ್ದ ಹಂಗೋರ್

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಚಪಲ್ ಯುದ್ಧನೌಕೆಯ ಜೊತೆಗೆ ಈಗ ಟುಪೊಲೆವ್-142 ವಿಮಾನವೂ ನಿಂತಿದೆ. ನೀರಿನಡಿ ಅಡಗಿದ ಜಲಾಂತರ್ಗಾಮಿಯನ್ನು ಹುಡುಕುವುದೇ ಅದರ ಮುಖ್ಯ ಕೆಲಸವಾಗಿತ್ತು. ಇಷ್ಟು ದೊಡ್ಡ ವಿಮಾನ ಯಾಕೆ ಬೇಕಿತ್ತು ಅಂತ ತಿಳಿಯಲು 1971ರ ಡಿಸೆಂಬರ್‌ಗೆ ಹೋಗಬೇಕು.

ಆಗ ಪಾಕಿಸ್ತಾನದ ಜಲಾಂತರ್ಗಾಮಿ ಹಂಗೋರ್ ಸೌರಾಷ್ಟ್ರದ ಕರಾವಳಿಯಾಚೆ ಹೊಂಚು ಹಾಕಿತ್ತು. ಅದರ ರೇಡಿಯೊ ಸಂಕೇತ ನಮ್ಮವರಿಗೆ ಸಿಕ್ಕಿತು. ಬೇಟೆಗೆ ಹೊರಟದ್ದು ನಮ್ಮ ಒಂದೇ ಪಡೆಯ ಯುದ್ಧನೌಕೆಗಳಾದ ಖುಕ್ರಿ ಮತ್ತು ಕಿರ್ಪಾಣ್. ಪಡೆಯ ಮೂರನೇ ನೌಕೆ ಕುಠಾರ್ ಯಂತ್ರ ಕೆಟ್ಟು ಮುಂಬೈಯಲ್ಲಿತ್ತು. ಪಡೆಯ ನಾಯಕ, ಖುಕ್ರಿಯ ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ.

ಜಲಾಂತರ್ಗಾಮಿ ಹುಡುಕುವವನಿಗೆ ಕಣ್ಣಿಗಿಂತ ಕಿವಿಯೇ ಮುಖ್ಯ. ಸೋನಾರ್ ನೀರಿಗೆ ಸದ್ದು ಬಿಡುತ್ತದೆ, ಏನಕ್ಕಾದರೂ ಬಡಿದು ವಾಪಸ್ ಬಂದರೆ ಹಿಡಿಯುತ್ತದೆ. ಕಾರವಾರದ ಬೈತಖೋಲ ಬಂದರಿನ ಮೀನು ಬೋಟುಗಳ ಫಿಶ್ ಫೈಂಡರ್ ಬಂಗಡೆ ಹಿಂಡನ್ನು ತೋರಿಸುವುದೂ ಹೀಗೇ. ಆದರೆ ಹಡಗು ಜೋರಾಗಿ ಓಡಿದರೆ ತನ್ನದೇ ಎಂಜಿನ್, ತನ್ನದೇ ನೀರಿನ ಸದ್ದು ಕಿವಿ ತುಂಬುತ್ತದೆ. ನಿಧಾನವಾದರೆ ಚೆನ್ನಾಗಿ ಕೇಳಿಸುತ್ತದೆ, ಆದರೆ ನೀರಿನಡಿ ಓಡಿ ಬಂದು ಹಡಗಿಗೆ ಬಡಿದು ಸಿಡಿಯುವ ಟಾರ್ಪಿಡೊಗೆ ಸುಲಭದ ಗುರಿಯಾಗಬೇಕಾಗುತ್ತದೆ.

ಇನ್ನೊಂದು ತೊಡಕು ಕಡಲಿನದ್ದೇ. 1930ರ ದಶಕದಲ್ಲಿ ಅಮೆರಿಕದ ಸೆಮ್ಸ್ ಎಂಬ ನೌಕೆಯ ಸೋನಾರ್ ಬೆಳಗ್ಗೆ ಚೆನ್ನಾಗಿ ಕೇಳುತ್ತಿತ್ತು, ಮಧ್ಯಾಹ್ನ ಮಂಕಾಗುತ್ತಿತ್ತು. ಊಟ ಮಾಡಿದ ನಾವಿಕರು ತೂಕಡಿಸುತ್ತಿದ್ದಾರೆ ಅಂತ ಮೊದಲು ಅನುಮಾನ ಬಂತು. ಪಾಪ, ಅವರ ತಪ್ಪೇನೂ ಇರಲಿಲ್ಲ. ಬಿಸಿಲಿಗೆ ಮೇಲಿನ ನೀರು ಒಂದೆರಡು ಡಿಗ್ರಿ ಬಿಸಿಯಾದರೂ ಸಾಕು, ಸದ್ದು ಕೆಳಕ್ಕೆ ಬಾಗಿಬಿಡುತ್ತದೆ. ಆಗ ಸದ್ದು ಮುಟ್ಟದ ಒಂದು ಜಾಗ ಉಳಿಯುತ್ತದೆ. ಜಲಾಂತರ್ಗಾಮಿಗೆ ಅಷ್ಟೇ ಬೇಕು. ನಮ್ಮ ಅರಬ್ಬಿ ಸಮುದ್ರದಂಥ ಬೆಚ್ಚಗಿನ ಕಡಲಲ್ಲಿ ಇಂಥ ಮರೆಗಳು ಜಾಸ್ತಿ.

ಹಾಗಾಗಿ ಎಷ್ಟೋ ಸಲ ಶತ್ರು ಹೊಡೆದ ಮೇಲೇ ಅದರ ಜಾಗ ಗೊತ್ತಾಗುತ್ತಿತ್ತು. ಎರಡನೇ ಮಹಾಯುದ್ಧದಲ್ಲಿ, 1944ರ ಫೆಬ್ರವರಿ 11ರಂದು, ಬಂಗಾಳ ಕೊಲ್ಲಿಯಲ್ಲಿ ಜಪಾನಿನ ಜಲಾಂತರ್ಗಾಮಿ ಆರ್‌ಓ-110 ಬೆಂಗಾವಲಿನಲ್ಲಿದ್ದ ಸರಕು ಹಡಗಿಗೆ ಟಾರ್ಪಿಡೊ ಬಿಟ್ಟಿತು. ಕಾವಲಿಗಿದ್ದ ನಮ್ಮ ಜಮುನಾ ಮತ್ತು ಎರಡು ಆಸ್ಟ್ರೇಲಿಯಾ ನೌಕೆಗಳು ಆಮೇಲೆ ಬೆನ್ನಟ್ಟಿ ಅದನ್ನು ಮುಳುಗಿಸಿದವು.

ಖುಕ್ರಿಗೆ ಆ ಅವಕಾಶವೂ ಸಿಗಲಿಲ್ಲ. ಸೋನಾರ್ ಇನ್ನಷ್ಟು ದೂರ ಕೇಳುವಂತೆ ಮಾಡುವ ಹೊಸ ಉಪಕರಣವೊಂದರ ಪ್ರಯೋಗ ಹಡಗಿನಲ್ಲಿ ನಡೆದಿತ್ತು. ಅದಕ್ಕೆ ವೇಗ ಕಡಿಮೆ ಇರಬೇಕಿತ್ತು. ಅತ್ತ ಫ್ರಾನ್ಸ್‌ನಲ್ಲಿ ಕಟ್ಟಿದ ಹಂಗೋರ್‌ನ ಕಿವಿ ಹೆಚ್ಚು ಚುರುಕು. ಡಿಸೆಂಬರ್ 9ರ ರಾತ್ರಿ, ದಿಯು ಹತ್ತಿರ, ಕಿರ್ಪಾಣ್‌ಗೆ ಬಿಟ್ಟ ಮೊದಲ ಟಾರ್ಪಿಡೊ ಸಿಡಿಯಲಿಲ್ಲ. ಎರಡನೆಯದು ಖುಕ್ರಿಗೆ ತಾಗಿತು. ಕೆಲವೇ ನಿಮಿಷಗಳಲ್ಲಿ ಹಡಗು ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಬದುಕುಳಿದವರು 67 ಮಂದಿ.

ಮುಲ್ಲಾ ತಮ್ಮ ಲೈಫ್ ಜಾಕೆಟ್ ಅನ್ನು ಒಬ್ಬ ನಾವಿಕನಿಗೆ ಕೊಟ್ಟರು. ಆದಷ್ಟು ಜನರನ್ನು ನೀರಿಗೆ ಹಾರಿಸಿದರು, ತಾವು ಹಡಗು ಬಿಡಲಿಲ್ಲ. ಅವರಿಗೆ ಮಹಾವೀರ ಚಕ್ರ ಸಂದಿತು. ಅಷ್ಟು ನಿಧಾನ ಹೋಗಿದ್ದೇ ತಪ್ಪು ಅಂತ ಅವರ ಮೇಲೆ ಹೊರಿಸುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಮಂದ ಕಿವಿಯ ಎರಡು ನೌಕೆ ಕೊಟ್ಟು ಹುಡುಕು ಅಂದರೆ, ಕೇಳಿಸಿಕೊಳ್ಳಲು ನಿಧಾನವಾಗದೆ ಇನ್ನೇನು ಮಾಡಬೇಕಿತ್ತು? ಆಮೇಲೆ ದಿನಗಟ್ಟಲೆ ಹುಡುಕಿದರೂ ಹಂಗೋರ್ ತಪ್ಪಿಸಿಕೊಂಡು ಕರಾಚಿ ಸೇರಿತು.

ಅದೇ ಯುದ್ಧ ಮುಂಬೈ ಬಂದರಿನ ಇಕ್ಕಟ್ಟನ್ನೂ ಎತ್ತಿ ತೋರಿಸಿತು. ಸರಕು ಹಡಗು, ಮೀನು ಬೋಟುಗಳ ನಡುವೆ ಯುದ್ಧನೌಕೆಗಳು ನುಸುಳಬೇಕಿತ್ತು. ಬೇರೆ ನೆಲೆ ಬೇಕೆಂಬ ಆ ಯೋಚನೆ ಕಾರವಾರಕ್ಕೆ ಬಂದು ನಿಂತಿತು. ಇಲ್ಲಿ ನೌಕಾನೆಲೆ ಕಟ್ಟುವ ಸೀಬರ್ಡ್ ಯೋಜನೆಗೆ 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು. 2005ರಲ್ಲಿ ಐಎನ್‌ಎಸ್ ಕದಂಬ ಎಂಬ ಆ ನೆಲೆ ಶುರುವಾಯಿತು. ಅದಕ್ಕಾಗಿ ಅರ್ಗಾ, ಚೆಂಡಿಯಾ ಕಡೆಯ ಹಳ್ಳಿಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿ ಎಳೆಯುವ ದಡ ಬಿಟ್ಟು ಎದ್ದವು. ನ್ಯಾಯವಾದ ಪರಿಹಾರಕ್ಕೆ ವರ್ಷಗಟ್ಟಲೆ ಕೋರ್ಟು ಅಲೆದವು. ನೌಕಾನೆಲೆಯ ಕಥೆಯಲ್ಲಿ ಅವರ ಪಾಲು ದೊಡ್ಡದು, ಅದನ್ನು ಮರೆಯಬಾರದು.

ಟುಪೊಲೆವ್-142 ನೌಕಾಪಡೆಗೆ ಬಂದದ್ದು 1988ರಲ್ಲಿ. ಮೊದಲು ಗೋವಾದ ದಾಬೋಲಿಂ, ನಂತರ ತಮಿಳುನಾಡಿನ ಅರಕ್ಕೋಣಂನಿಂದ ಹಾರಿತು. 2017ರಲ್ಲಿ ನಿವೃತ್ತಿಯಾಯಿತು. ಅದು ನೀರಿಗೆ ಉದುರಿಸುತ್ತಿದ್ದ ಸೋನೊಬಾಯ್ ಎಂಬ ತೇಲುವ ಕೊಳವೆಗಳಿಂದ ಮೈಕ್ ಕೆಳಕ್ಕಿಳಿಯುತ್ತದೆ. ಬೇಕಾದರೆ ಆ ಬಿಸಿನೀರಿನ ಪದರ ದಾಟಿಯೂ ಇಳಿಸಬಹುದು. ಕೇಳಿದ್ದನ್ನು ರೇಡಿಯೊದಲ್ಲಿ ಮೇಲಕ್ಕೆ ಕಳಿಸುತ್ತದೆ. ಕೇಳಿಸಿಕೊಳ್ಳುವ ಸಿಬ್ಬಂದಿ ಟಾರ್ಪಿಡೊ ಮುಟ್ಟಲಾಗದ ಎತ್ತರದಲ್ಲಿ ಇರುತ್ತಾರೆ.