ಎತ್ತಿದ್ದು ಬಾಡಿಯನ್ನ, ಗುಂಡನ್ನಲ್ಲ

"ಎರಡಿಂಚು ಲಿಫ್ಟ್ ಹಾಕಿಸಿದೀನಿ, ಇನ್ನು ಯಾವ ಕಲ್ಲೂ ತಗಲಲ್ಲ ಬಿಡಿ" ಅಂತ, ಉದ್ದದ ಸ್ಪ್ರಿಂಗ್ ಹಾಕಿಸಿ ಗಾಡಿ ಎತ್ತರಿಸಿದವರು ಯಾರಾದರೂ ಹೇಳಿದರೆ, ಒಮ್ಮೆ ಬಗ್ಗಿ ಗಾಡಿಯ ಹೊಟ್ಟೆಯಡಿ ನೋಡಿ. ಸುಜುಕಿ ಜಿಮ್ನಿಯಂಥ ಗಾಡಿಯಲ್ಲಿ ಎಡ ಬಲ ಚಕ್ರಗಳನ್ನು ಜೋಡಿಸುವುದು ಒಂದೇ ಗಟ್ಟಿ ಆಕ್ಸಲ್. ಅದರಲ್ಲಿ ಕುಂಬಳಕಾಯಿಯ ಹಾಗೆ ಉಬ್ಬಿರುವ ಗುಂಡೇ ಡಿಫರೆನ್ಷಿಯಲ್, ಎರಡೂ ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ ಡಬ್ಬಿ. ಕಲ್ಲು ಸಾಮಾನ್ಯವಾಗಿ ಮೊದಲು ಬಡಿಯುವುದು ಇದಕ್ಕೇ. ಸ್ಪ್ರಿಂಗ್ ಕೂತಿರುವುದು ಆಕ್ಸಲ್ ಮೇಲೆ. ಉದ್ದದ ಸ್ಪ್ರಿಂಗ್ ಹಾಕಿದರೆ ಮೇಲಿನ ಬಾಡಿ ಏರುತ್ತದೆ, ಕೆಳಗಿನ ಗುಂಡು ಇದ್ದಲ್ಲೇ ಇರುತ್ತದೆ.

ಗುಂಡು ಏರಬೇಕಾದರೆ ಟೈರ್ ದೊಡ್ಡದಾಗಬೇಕು. ಜಿಮ್ನಿಗೆ ಕಂಪನಿ ಕೊಡುವ 195/80 ಆರ್15 ಟೈರಿನ ವ್ಯಾಸ 693 ಮಿಲಿಮೀಟರ್. 235/75 ಆರ್15 ಹಾಕಿದರೆ ಸುಮಾರು 733. ವ್ಯಾಸ 40 ಮಿಲಿಮೀಟರ್ ಹೆಚ್ಚಿತು, ಆದರೆ ಆಕ್ಸಲ್ ಇರುವುದು ಚಕ್ರದ ನಡುವೆ. ಹಾಗಾಗಿ ಗುಂಡು ಏರುವುದು ಅರ್ಧ, ಬರೀ 20.

ಹಾಗಾದರೆ ಲಿಫ್ಟ್ ಸುಮ್ನೆ ಶೋಕಿಯಾ? ಅಲ್ಲ. ಆ ದೊಡ್ಡ ಟೈರ್ ಮಡ್‌ಗಾರ್ಡಿಗೆ ಉಜ್ಜದೆ ತಿರುಗಲು ಜಾಗ ಬೇಕು, ಅದನ್ನು ಕೊಡುವುದು ಲಿಫ್ಟ್. ಇನ್ನೊಂದು ಲಾಭ ದಿಬ್ಬ ದಾಟುವಾಗ. ಮೂರು ಬಾಗಿಲಿನ ಜಿಮ್ನಿ ಹೊಟ್ಟೆ ತಾಗಿಸದೆ, ಏರು ಇಳಿಜಾರು ಎರಡೂ ಸೇರಿ 28 ಡಿಗ್ರಿಯಾಗುವ ದಿಬ್ಬ ದಾಟುತ್ತದೆ. ನಮ್ಮಲ್ಲಿ ಸಿಗುವ ಐದು ಬಾಗಿಲಿನದ್ದು 24 ಮಾತ್ರ. ಎರಡರದ್ದೂ ಗ್ರೌಂಡ್ ಕ್ಲಿಯರೆನ್ಸ್ 210 ಮಿಲಿಮೀಟರೇ. ಐದು ಬಾಗಿಲಿನದ್ದರ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ 340 ಮಿಲಿಮೀಟರ್ ಹೆಚ್ಚಾಗಿದ್ದಕ್ಕೆ ಈ ದಂಡ. ಬಾಡಿ ಎತ್ತಿದರೆ ಕಳೆದುಕೊಂಡದ್ದು ಒಂದಿಷ್ಟು ವಾಪಸ್ ಸಿಗುತ್ತದೆ.

ತಕರಾರು ಶುರುವಾಗುವುದು ಬಾಡಿ ಮತ್ತು ಆಕ್ಸಲ್ ನಡುವಿನ ನೆಂಟಸ್ತಿಕೆಯಲ್ಲಿ. ಆಕ್ಸಲ್ ಎಡಬಲಕ್ಕೆ ಜಾರದಂತೆ ಒಂದು ಅಡ್ಡ ಸರಳು ಹಿಡಿದಿರುತ್ತದೆ. ಅದರ ಒಂದು ತುದಿ ಬಾಡಿ ಕೂತಿರುವ ಚೌಕಟ್ಟಿಗೆ, ಅಂದರೆ ಚಾಸಿಗೆ, ಇನ್ನೊಂದು ಆಕ್ಸಲ್‌ಗೆ. ಗೋಡೆಗೆ ಒರಗಿಸಿದ ಏಣಿಯ ಮೇಲ್ತುದಿಯನ್ನು ಮೇಲಕ್ಕೆ ಸರಿಸಿದರೆ ಬುಡ ಗೋಡೆ ಕಡೆ ಬರುತ್ತದಲ್ಲ? ಇಲ್ಲೂ ಅದೇ. ಬಾಡಿ ಏರಿತು, ಸರಳು ಕಡಿದಾಯಿತು, ಆಕ್ಸಲ್ಲನ್ನು ಒಂದು ಪಕ್ಕಕ್ಕೆ ಎಳೆಯಿತು. ಉದ್ದ ಹೊಂದಿಸಬಹುದಾದ ಸರಳು ಹಾಕಿದರೆ ಸರಿಹೋಗುತ್ತದೆ.

ಇದಕ್ಕಿಂತ ಜಾಸ್ತಿ ಕಾಟ ಕೊಡುವುದು ಸ್ಟೀರಿಂಗ್. ಸೈಕಲ್ಲಿನ ಮುಂದಿನ ಫೋರ್ಕ್ ನೆಟ್ಟಗಿರದೆ ಮೇಲ್ತುದಿಯಲ್ಲಿ ತುಸು ಹಿಂದಕ್ಕೆ ವಾಲಿರುತ್ತದೆ. ಕೈ ಬಿಟ್ಟರೂ ಅದು ನೇರ ಓಡುವುದಕ್ಕೆ ಇದೂ ಒಂದು ಕಾರಣ. ಗಾಡಿಯ ಮುಂದಿನ ಚಕ್ರಕ್ಕೂ ಇಂಥದ್ದೇ ವಾಲು ಇದೆ, ಹೆಸರು ಕ್ಯಾಸ್ಟರ್. ಜಿಮ್ನಿಯಲ್ಲಿ ಬಾಡಿ ಏರಿದಾಗ ಆಕ್ಸಲ್ ಹಿಡಿದ ತೋಳುಗಳು ಓರೆಯಾಗಿ, ಆಕ್ಸಲ್ಲನ್ನೇ ಮುಂದಕ್ಕೆ ಉರುಳಿಸುತ್ತವೆ. ಕ್ಯಾಸ್ಟರ್ ಕಡಿಮೆಯಾಗುತ್ತದೆ. ತಿರುವಿನ ನಂತರ ಸ್ಟೀರಿಂಗ್ ತಾನಾಗಿ ವಾಪಸ್ ಬರದು, ಹೆದ್ದಾರಿಯಲ್ಲಿ ಗಾಡಿ ಅಲೆಯುತ್ತದೆ. ಮೆಕ್ಯಾನಿಕ್ ಅಲೈನ್‌ಮೆಂಟ್ ಮಾಡಿಸಿ ಎಂದರೆ ನಂಬಬೇಡಿ. ಚಕ್ರದ ಟೋ, ಅಂದರೆ ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವುದನ್ನು ಸರಿಮಾಡಿದರೆ ಇದು ಹೋಗದು, ಆ ತೋಳುಗಳಿಗೆ ರಂಧ್ರ ನಡುವಿನಿಂದ ಸರಿದಿರುವ ಬುಶ್ (ರಬ್ಬರ್ ತುಂಬಿದ ಬಳೆ) ಹಾಕಬೇಕು.

ಮಗುಚುವ ಭಯ? ಚಕ್ರಗಳ ನಡುವೆ ಅಡ್ಡಕ್ಕೆ ಸುಮಾರು 1400 ಮಿಲಿಮೀಟರ್. ಗುರುತ್ವ ಕೇಂದ್ರ 700 ಮಿಲಿಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಳ್ಳಿ. ಆಗ ಗಾಡಿ ಮಗುಚಲು 45 ಡಿಗ್ರಿ ವಾಲಬೇಕು. ಕೇಂದ್ರ 40 ಏರಿದರೆ 43 ಚಿಲ್ಲರೆ ಡಿಗ್ರಿ ಸಾಕು. ಸಣ್ಣ ವ್ಯತ್ಯಾಸ ಅನಿಸುತ್ತದೆ, ಅಲ್ವಾ? ಆದರೆ ಇದು ನಿಂತ ಗಾಡಿಯ ಲೆಕ್ಕ, ಅದೂ ಸ್ಪ್ರಿಂಗ್ ಬಗ್ಗುವುದೇ ಇಲ್ಲ ಎಂದುಕೊಂಡು. ಓಡುವ ಗಾಡಿ ತಿರುವಿನಲ್ಲಿ ಹೊರಕ್ಕೆ ಒರಗುತ್ತದೆ, ಮೇಲೆ ಕ್ಯಾರಿಯರ್‌ನಲ್ಲಿ ಟೆಂಟೂ ಇರುತ್ತದೆ.

ಆರ್‌ಸಿಯಲ್ಲಿರುವ ವಿವರ ಕಂಪನಿಯ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವಂತಿಲ್ಲ ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ಲಿಫ್ಟ್ ಕಿಟ್ ಕೊಳ್ಳುವ ಮೊದಲು ಇದು ಗೊತ್ತಿರಲಿ.

ಹಾಕಿಸುವ ದಿನ ಪಕ್ಕದಲ್ಲೇ ನಿಲ್ಲಿ. ಗಾಡಿ ಎತ್ತಿ ಚಕ್ರ ಪೂರ್ತಿ ಜೋತುಬಿದ್ದಾಗ ಬ್ರೇಕ್ ಹೋಸ್ ಬಿಗಿದು ನಿಂತಿದೆಯೇ ನೋಡಿ. ಬಿಗಿದಿದ್ದರೆ ಉದ್ದದ ಹೋಸ್ ಬೇಕೇ ಬೇಕು. ಆಮೇಲೆ ಬುಶ್‌ಗಳ ಬೋಲ್ಟ್. ಎಷ್ಟೋ ಕಡೆ ಗಾಡಿ ಇನ್ನೂ ಜಾಕ್ ಮೇಲಿರುವಾಗಲೇ ಇವನ್ನು ಬಿಗಿದುಬಿಡುತ್ತಾರೆ. ಬುಶ್‌ನ ರಬ್ಬರ್ ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಜೋತುಬಿದ್ದ ಸ್ಥಿತಿಯಲ್ಲಿ ಬಿಗಿದು ಕೆಳಗಿಳಿಸಿದರೆ ನಿಂತಲ್ಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಗಾಡಿ ನಾಲ್ಕೂ ಚಕ್ರದ ಮೇಲೆ ನಿಂತ ಮೇಲೆ ಮೆಕ್ಯಾನಿಕ್ ಇನ್ನೊಮ್ಮೆ ಅಡಿಗೆ ತೂರಿ ಕೊನೆಯ ಬಿಗಿ ಕೊಡಬೇಕು. ಅವನು ಗೊಣಗಿದರೆ ಗೊಣಗಲಿ.