ಕ್ಯಾಡ್ಮಿಯಂ ಗದ್ದೆಗೆ ಇದ್ದಿಲ ಮದ್ದು

ಜಪಾನಿನ ಟೊಯಾಮಾದಲ್ಲಿ, ಜಿನ್ಜು ನದಿ ನೀರಿನ ಗದ್ದೆಗಳ ಅಕ್ಕಿ ಉಂಡ ಹೆಂಗಸರಿಗೆ ಕೆಮ್ಮಿದರೂ ಮೂಳೆ ಮುರಿಯುತ್ತಿತ್ತು. ಅವರ ನರಳಾಟವೇ ರೋಗಕ್ಕೆ ಹೆಸರಾಯಿತು: ಇಟಾಯ್-ಇಟಾಯ್, ಅಂದರೆ 'ನೋವು, ನೋವು'. ಕಮಿಯೋಕ ಗಣಿಯಿಂದ ಹರಿದುಬಂದ ಕ್ಯಾಡ್ಮಿಯಂ ಎಂಬ ವಿಷಲೋಹ ಇದಕ್ಕೆ ಕಾರಣವೆಂದು ಸರ್ಕಾರ ಒಪ್ಪಿದ್ದು 1968ರಲ್ಲಿ. ಮುಂದೆ ಆ ಗದ್ದೆಗಳಿಗೆ ಹೊಸ ಮಣ್ಣು ಹಾಕುವ ಕೆಲಸ ಶುರುವಾಯಿತು. ಮುಗಿದದ್ದು 2012ರಲ್ಲಿ. ಒಂದೇ ನದಿಯ ಬಯಲಿಗೆ ಮೂವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು.

ಚೀನಾ ಈ ದಾರಿ ಹಿಡಿಯುವಂತಿರಲಿಲ್ಲ. 2013ರಲ್ಲಿ ಗ್ವಾಂಗ್‌ಝೌ ನಗರದಲ್ಲಿ ಪರೀಕ್ಷಿಸಿದ 18 ಅಕ್ಕಿ ಮಾದರಿಗಳ ಪೈಕಿ 8ರಲ್ಲಿ ಕ್ಯಾಡ್ಮಿಯಂ ಮಿತಿ ಮೀರಿತ್ತು. ಮರುವರ್ಷ ಹೊರಬಿದ್ದ ಸಮೀಕ್ಷೆಯಲ್ಲಿ ಸಾಗುವಳಿ ಮಣ್ಣಿನ ಮಾದರಿಗಳಲ್ಲಿ ಶೇ 19.4ರಷ್ಟು ಮಲಿನ. ಅಷ್ಟು ನೆಲದ ಮಣ್ಣನ್ನು ಎತ್ತಿ ಎಲ್ಲಿಗೆ ಹಾಕುವುದು?

ನಾನ್ಜಿಂಗ್ ಕೃಷಿ ವಿಶ್ವವಿದ್ಯಾಲಯದವರು ಅದಕ್ಕೂ ಮೊದಲೇ, 2009ರಲ್ಲಿ, ಮಲಿನ ಗದ್ದೆಗೆ ಗೋಧಿ ಹುಲ್ಲಿನ ಇದ್ದಿಲು, ಅಂದರೆ ಬಯೋಚಾರ್, ಬೆರೆಸಿ ನೋಡಿದ್ದರು. ಹೆಕ್ಟೇರಿಗೆ 40 ಟನ್ ಹಾಕಿದ ಕಡೆ ಅಕ್ಕಿಯ ಕ್ಯಾಡ್ಮಿಯಂ ಮೊದಲ ವರ್ಷ ಶೇ 45, ಎರಡನೇ ವರ್ಷ ಸುಮಾರು ಶೇ 62 ಇಳಿಯಿತು.

ಬಯೋಚಾರ್ ಎಂದರೆ ಗಾಳಿಯಾಡದಂತೆ ಸುಟ್ಟ ಹುಲ್ಲು, ಹೊಟ್ಟು, ಕಡ್ಡಿ. ನಮ್ಮ ಕರಾವಳಿಯ ಸುಡುಮಣ್ಣಿಗೆ ಹತ್ತಿರದ್ದೇ, ಆದರೆ ಇಲ್ಲಿ ಬೂದಿಯಾಗಲು ಬಿಡುವುದಿಲ್ಲ. ಒಂದು ಚೂರನ್ನು ಬೆರಳಲ್ಲಿ ಹಿಡಿದರೆ ಗಾಳಿಯಷ್ಟು ಹಗುರ; ಒಳಗೆಲ್ಲ ಕಣ್ಣಿಗೆ ಕಾಣದ ತೂತು. ಅದರ ಕ್ಷಾರಗುಣ ಮಣ್ಣಿನ ಹುಳಿ ತಗ್ಗಿಸುತ್ತದೆ. ಹುಳಿ ತಗ್ಗಿದರೆ ಕ್ಯಾಡ್ಮಿಯಂ ನೀರಲ್ಲಿ ಕರಗುವುದು ಕಡಿಮೆ, ಇದ್ದಿಲ ಮೈಗೂ ಅಂಟಿಕೊಳ್ಳುತ್ತದೆ. ವಿಷ ತಟ್ಟದ ಬೇರು ಚೆನ್ನಾಗಿ ಹಬ್ಬುತ್ತದೆ, ಹುಲ್ಲಿನಲ್ಲಿದ್ದ ಪೊಟ್ಯಾಷ್ ಕೂಡ ಪೈರಿಗೆ ಸಿಗುತ್ತದೆ. ನೀರು ನಿಂತಿರುವಷ್ಟು ದಿನ ಕ್ಯಾಡ್ಮಿಯಂ ಗಂಧಕದ ಜೊತೆ ಸೇರಿ ಗಟ್ಟಿಯಾಗಿ ಕೂತಿರುತ್ತದೆ. ಕೊಯ್ಲಿಗೆ ಮುಂಚೆ ನೀರು ಬಸಿದಾಗಲೇ ಅದು ಸಡಿಲಗೊಂಡು ತೆನೆಗೇರುವುದು. ಇದ್ದಿಲ ಆಸರೆ ಹೆಚ್ಚು ಬೇಕಾಗುವುದು ಆ ದಿನಗಳಲ್ಲೇ.

ಆದರೆ ಲೋಹ ಮಣ್ಣಲ್ಲೇ ಉಳಿಯುತ್ತದೆ. ವರ್ಷಗಳು ಕಳೆದು ಮಣ್ಣು ಮತ್ತೆ ಹುಳಿಯಾದರೆ ಮತ್ತೆ ಬೇರಿಗೆ ಸಿಗುತ್ತದೆ. ಹುಲ್ಲಿನ ಲೆಕ್ಕವೂ ಕಷ್ಟದ್ದು. ಆ ಪ್ರಯೋಗದ ಅರ್ಧದಷ್ಟು, ಹೆಕ್ಟೇರಿಗೆ 20 ಟನ್ ಎಂದರೂ ಎಕರೆಗೆ 8 ಟನ್ ಇದ್ದಿಲು. ಮೂರು ಟನ್ ಹುಲ್ಲು ಸುಟ್ಟರೆ ಸಿಗುವುದು ಒಂದು ಟನ್ನಿನ ಆಸುಪಾಸು. ಒಂದೆಕರೆಯ ಮದ್ದಿಗೆ ಆ ಎಕರೆಯದೇ ಸುಮಾರು ಹತ್ತು ಬೆಳೆಯ ಹುಲ್ಲು ಬೇಕು. ಅಲ್ಲಿಯವರೆಗೆ ದನಕ್ಕೇನು ಹಾಕುವುದು?

ನನ್ನ ದೊಡ್ಡ ಆತಂಕ ಇನ್ನೊಂದು ವಿಷವಾದ ಆರ್ಸೆನಿಕ್‌ನದು. ಹುಳಿ ತಗ್ಗಿದಾಗ ಕ್ಯಾಡ್ಮಿಯಂ ಕೂರುತ್ತದೆ, ಆರ್ಸೆನಿಕ್ ಮಣ್ಣಿನಿಂದ ಬಿಟ್ಟು ನೀರಿಗೆ ಏಳಬಹುದು. ರಾಯಚೂರು, ಯಾದಗಿರಿಯ ಚಿನ್ನದ ಗಣಿ ಸೀಮೆಯ ಅಂತರ್ಜಲದಲ್ಲಿ ಆರ್ಸೆನಿಕ್ ಇದೆ. ಅಲ್ಲಿ ಮಣ್ಣು ಪರೀಕ್ಷೆ ಮಾಡಿಸದೆ ಯಾರೂ ಹೊಲಕ್ಕೆ ಇದ್ದಿಲು ಸುರಿಯಬಾರದು.