ಕೆಲಸವಿಲ್ಲದ ದಿನಗಳಲ್ಲಿ ಒಂದು ಬೀದಿನಾಯಿ

ಕಳೆದ ಮಳೆಗಾಲದ ಒಂದು ಭಾನುವಾರ. ಮುಂಬೈನ ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ಧಾರವಾಡದ ಹುಡುಗನೊಬ್ಬ ನನ್ನೆದುರು ಕೂತಿದ್ದ. ಗೋರೆಗಾಂವ್‌ನ ಸ್ಟುಡಿಯೋ ಒಂದರಲ್ಲಿ ಎರಡು ವರ್ಷ ಪ್ರಾಣಿಗಳಿಗೆ ಕೂದಲು ಮಾಡಿದವನು. ಕೆಲಸ ಹೋಗಿ ನಾಲ್ಕು ತಿಂಗಳಾಗಿತ್ತು. "ಸರ್, ಊರಿಗೆ ಹೋಗಿಬಿಡ್ಲೇನ್ರಿ?" ಎಂದ. ತಕ್ಷಣ ಉತ್ತರ ಹೊಳೆಯಲಿಲ್ಲ. ಇದೇ ಪ್ರಶ್ನೆ ಇಟ್ಟುಕೊಂಡು ನಾನೂ ಏಳು ತಿಂಗಳು ಮನೆಯಲ್ಲಿ ಕೂತವನು.

ನಮ್ಮ ಕೆಲಸಕ್ಕೆ ಗ್ರೂಮ್ ಅಂತ ಹೆಸರು. ತೆರೆಯ ಮೇಲಿನ ಕರಡಿ ಕಂಪ್ಯೂಟರಿನಲ್ಲಿ ಹುಟ್ಟಿದ್ದಾದರೆ, ಅದರ ಮೈಮೇಲಿನ ಕೂದಲನ್ನು ಯಾರೋ ಕೂತು ಬೆಳೆಸಿರುತ್ತಾರೆ. ಮೊದಲು ಗೈಡ್ ಕೂದಲುಗಳನ್ನು ಕೈಯಾರೆ ಬಾಚಿ ಕೂರಿಸುತ್ತೇವೆ. ಅವುಗಳ ನಡುವಿನ ಲಕ್ಷಾಂತರ ಕೂದಲನ್ನು ಸಾಫ್ಟ್‌ವೇರ್ ತುಂಬುತ್ತದೆ. ಒಳಗೆ ಮೆತ್ತನೆಯ ತುಪ್ಪಳ, ಮೇಲೆ ಗಡುಸು ಕೂದಲು. ಎಲ್ಲಿ ಉದ್ದ, ಎಲ್ಲಿ ತೆಳು, ಎಲ್ಲಿ ಗೊಂಚಲಾಗಬೇಕು ಅನ್ನೋದೆಲ್ಲ ನಮ್ಮ ಕಣ್ಣಿಗೆ ಬಿಟ್ಟಿದ್ದು.

2023ರ ಮೇ 2ರಂದು ಹಾಲಿವುಡ್‌ನ ಬರಹಗಾರರು ಮುಷ್ಕರ ಹೂಡಿದರು. ಅದು 148 ದಿನ ನಡೆಯಿತು. ಜುಲೈ 14ರಿಂದ ನಟರೂ ಸೇರಿಕೊಂಡರು, ಅವರದು 118 ದಿನ. ಅಲ್ಲಿ ಶೂಟಿಂಗ್ ನಿಂತರೆ ಮುಂಬೈನಲ್ಲಿ ನಮ್ಮ ಮೇಜು ಯಾಕೆ ಖಾಲಿಯಾಗಬೇಕು ಅಂತ ಮನೆಯವರು ಕೇಳುತ್ತಿದ್ದರು. ಇಲ್ಲಿನ ಎಷ್ಟೋ ಸ್ಟುಡಿಯೋಗಳು ಅಲ್ಲಿಂದ ಬರುವ ಕೆಲಸವನ್ನೇ ನಂಬಿಕೊಂಡಿವೆ. ಅದರಲ್ಲೂ ಹೊಡೆತ ಮೊದಲು ಬೀಳೋದು ನಮ್ಮಂಥವರಿಗೆ. ಪ್ರಾಣಿ ತಯಾರಾದ ಮೇಲೆ ತಾನೇ ಶಾಟ್‌ಗಳು? ಹೊಸ ಚಿತ್ರ ಬಾರದಿದ್ದರೂ ಕೊನೆಯಲ್ಲಿ ಚಿತ್ರದ ಪದರಗಳನ್ನು ಜೋಡಿಸುವ ಕಾಂಪೋಸಿಟಿಂಗ್‌ನವರಿಗೆ ಹಳೆ ಚಿತ್ರದ ಶಾಟ್‌ಗಳು ಉಳಿದಿರುತ್ತವೆ. ನಮಗೆ ಏನೂ ಇರುವುದಿಲ್ಲ. ಆದರೆ ಕೆಲಸ ಮತ್ತೆ ಶುರುವಾದಾಗ ಮೊದಲ ಫೋನ್‌ಗಳು ಬರೋದೂ ನಮ್ಮ ವಿಭಾಗಕ್ಕೇ. ಹುಡುಗನಿಗೆ ಇದನ್ನು ಯಾರೂ ಹೇಳಿರಲಿಲ್ಲ. ಆಮೇಲೆ 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್‌ನಂಥ ದೊಡ್ಡ ವಿಷುಯಲ್ ಎಫೆಕ್ಟ್ಸ್ ಸಮೂಹವೇ ಕುಸಿಯಿತು. ಬೆಂಗಳೂರು, ಮುಂಬೈಯ ಕಲಾವಿದರು ಒಟ್ಟಿಗೇ ಬೀದಿಗೆ ಬಂದರು. ಅದಕ್ಕೇ ಅವನ ಭಯ ಸುಮ್ಮನೆ ಹುಟ್ಟಿದ್ದಲ್ಲ.

"ರೀಲ್ ತೋರಿಸಪ್ಪಾ" ಎಂದೆ. ರೀಲ್ ಅಂದರೆ ಮಾಡಿದ ಕೆಲಸದ ತುಣುಕುಗಳ ವಿಡಿಯೋ. ಫೋನಿನಲ್ಲಿ ಒಂದು ಸಿಂಹ, ಕೇಸರ ಹಾರಾಡುತ್ತಿತ್ತು. ಚೆನ್ನಾಗೇ ಇತ್ತು. ಆದರೆ ಎಲ್ಲರ ರೀಲಿನಲ್ಲೂ ಒಂದು ಸಿಂಹ ಇರುತ್ತದೆ. ಆಯ್ಕೆ ಮಾಡುವಾಗ ನಾನು ಕೇಸರ ನೋಡುವುದಿಲ್ಲ. ತುಟಿಯಂಚು, ಕಣ್ಣರೆಪ್ಪೆ, ಕಿವಿಯ ತುದಿ, ಬೆರಳುಗಳ ಸಂದು ನೋಡುತ್ತೇನೆ. ಬರಿ ಚರ್ಮ ಕೂದಲಾಗುವ ಜಾಗಗಳು ಅವು. ಇವನ ಸಿಂಹದ ತುಟಿಯ ಹತ್ತಿರ ಕೂದಲು ಗೆರೆ ಎಳೆದ ಹಾಗೆ ನಿಂತುಬಿಟ್ಟಿತ್ತು.

ಹೊರಗೆ ಮಳೆ ಜೋರಾಯಿತು. ಕಂದು ಬಣ್ಣದ ಬೀದಿನಾಯಿಯೊಂದು ತೊಯ್ದು ತೊಪ್ಪೆಯಾಗಿ ಹೋಟೆಲಿನ ಮೆಟ್ಟಿಲಿಗೆ ಬಂದು ನಿಂತಿತು. ಇಬ್ಬರೂ ಕಾಫಿ ಬಿಟ್ಟು ಬಾಗಿಲಿಗೆ ಹೋದೆವು. ಬೆನ್ನಿನ ಕೂದಲು ಮೊನಚು ಗೊಂಚಲುಗಳಾಗಿ ಅಂಟಿಕೊಂಡು, ನಡುನಡುವೆ ಚರ್ಮ ಕಾಣುತ್ತಿತ್ತು. ಬಣ್ಣ ಒಣಗಿದ್ದಾಗಿನದಕ್ಕಿಂತ ಕಪ್ಪು. ಮೈ ಅರ್ಧಕ್ಕೆ ಇಳಿದಂತಿತ್ತು. ಒಮ್ಮೆ ಕೊಡವಿಕೊಂಡಿತು ನೋಡಿ, ಗೊಂಚಲುಗಳೆಲ್ಲ ಮುಳ್ಳಿನ ಹಾಗೆ ಎದ್ದು ನಿಂತವು. ಎದೆಯ ಎರಡೂ ಬದಿಗೆ ಒಂದೊಂದು ಸುಳಿ. ಮೊಣಕೈ ಹಿಂದೆ ಇನ್ನೊಂದು.

ಸುಳಿ ಅಂದರೆ ನನಗೆ ಹಾವೇರಿಯ ಅಜ್ಜ ನೆನಪಾಗುತ್ತಾರೆ. ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವ ಮೊದಲು ಮೈಮೇಲೆ ಕೈಯಾಡಿಸಿ ಸುಳಿ ಎಲ್ಲಿದೆ ಅಂತ ನೋಡುತ್ತಿದ್ದರು. ಅವರಿಗದು ಶುಭ ಅಶುಭದ ಲೆಕ್ಕ. ನನಗೆ ಕೂದಲು ಎತ್ತ ಹರಿಯುತ್ತದೆ ಅನ್ನುವ ನಕ್ಷೆ. ಸುಳಿ ತಪ್ಪಿದರೆ ನೋಡುವವರಿಗೆ ಕಾರಣ ಗೊತ್ತಾಗದಿದ್ದರೂ ಪ್ರಾಣಿ ಆಟಿಕೆಯಂತೆ ಕಾಣುತ್ತದೆ.

"ಈ ನಾಯಿಯನ್ನ ಮಾಡು. ಮೊದಲು ಒಣಗಿದ್ದು, ಆಮೇಲೆ ಒದ್ದೆ" ಎಂದೆ. ಆಫೀಸಿನ ಸಾಫ್ಟ್‌ವೇರ್ ಲೈಸೆನ್ಸ್ ಇಲ್ಲವಲ್ಲ ಸರ್ ಅಂದ. ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, 2022ರ 3.3 ಆವೃತ್ತಿಯಿಂದ ಅದರಲ್ಲಿ ಕೂದಲಿನ ಹೊಸ ವ್ಯವಸ್ಥೆಯೇ ಇದೆ. ಹುಡಿನಿ ಅನ್ನೋ ಇನ್ನೊಂದು ಸಾಫ್ಟ್‌ವೇರ್ ಕಲಿಯುವವರಿಗೂ ಪುಕ್ಕಟೆ ಆವೃತ್ತಿ ಇದೆ.

ದುಡ್ಡಿನ ಮಾತೂ ಆಯಿತು. ಬಾಡಿಗೆ ಕಟ್ಟಲಾಗದಿದ್ದರೆ ಕೆಲವು ತಿಂಗಳು ಧಾರವಾಡದಲ್ಲೇ ಇರು, ಅದರಲ್ಲಿ ಅವಮಾನ ಏನೂ ಇಲ್ಲ, ಕಂಪ್ಯೂಟರ್ ಮಾತ್ರ ಮಾರಬೇಡ ಎಂದೆ. ಜಾಹೀರಾತಿನ ಸಣ್ಣ ಕೆಲಸ ಸಿಕ್ಕರೆ ಮಾಡು. ಟೆಸ್ಟ್ ಅಂತ ವಾರಗಟ್ಟಲೆ ಬಿಟ್ಟಿ ದುಡಿಸಿಕೊಳ್ಳುವವರಿಗೆ ಬೇಡ ಅನ್ನು. ನಾನು ಒಮ್ಮೆ ಹಾಗೆ ಮೂರು ವಾರ ಕಳೆದುಕೊಂಡಿದ್ದೇನೆ.

ಎಐ ಬಗ್ಗೆಯೂ ಕೇಳಿದ. ಒದ್ದೆ ನಾಯಿಯ ಚಿತ್ರವನ್ನು ಅದು ಕ್ಷಣದಲ್ಲಿ ಕೊಡುತ್ತದೆ, ನಿಜ. ನಮ್ಮ ಕೆಲಸದ ಒಂದಷ್ಟು ಭಾಗ ಅದಕ್ಕೆ ಹೋಗುತ್ತದೆ ಅಂತಲೇ ನನಗೂ ಅನಿಸುತ್ತದೆ. ಆದರೆ ಎಡಗಿವಿ ಹಿಂದಿನ ಆ ಒಂದು ಗೊಂಚಲು ಚೂರು ಗಿಡ್ಡವಾಗಲಿ, ನಲವತ್ತು ಶಾಟ್‌ಗಳಲ್ಲೂ ಹಾಗೇ ಇರಲಿ ಅಂತ ನಿರ್ದೇಶಕರು ಕೇಳಿದಾಗ, ಯಾವ ಗೊಂಚಲು ಅಂತ ತಿಳಿದವರು ಬೇಕಾಗುತ್ತದೆ.

ಅವನು ಊರಿಗೆ ಹೋದ, ಕಂಪ್ಯೂಟರ್ ಜೊತೆಗೆ. ಎರಡು ತಿಂಗಳ ಮೇಲೆ ನಾಯಿಯ ಎರಡನೇ ಆವೃತ್ತಿ ಕಳಿಸಿದ. ಎದೆಯ ಸುಳಿಗಳು ಸರಿಯಾಗಿದ್ದವು. ತುಟಿಯ ಹತ್ತಿರ ಕೂದಲು ನಿಧಾನವಾಗಿ ತೆಳುವಾಗುತ್ತಾ ಚರ್ಮದಲ್ಲಿ ಕರಗಿತ್ತು. ಮೊಣಕೈ ಹಿಂದಿನ ಸುಳಿ ಮಾತ್ರ ಇನ್ನೂ ತಿರುಗುಮುರುಗಾಗಿತ್ತು. ಅವತ್ತು ಸಂಜೆಯೇ ಅದೇ ಹೋಟೆಲಿನ ಮೆಟ್ಟಿಲಿಗೆ ಹೋಗಿ, ನಾಯಿ ಏಳುವವರೆಗೆ ಕಾದು, ಮೊಣಕೈಯ ಫೋಟೋ ತೆಗೆದು ಕಳಿಸಿದೆ.